ಒತ್ತಿ ಕೂರಿಸಿದ್ದನ್ನು ಬಿಡಿಸುವುದು

ಲೇತ್‌ನಲ್ಲಿ ಮರ ಕಡೆದು ಪೆನ್ನು ಮಾಡುವುದು ನನ್ನ ಭಾನುವಾರಗಳ ಕೆಲಸ. ಹೆಚ್ಚಾಗಿ ಮಾಡುವುದು ಸ್ಲಿಮ್‌ಲೈನ್ ಎಂಬ, ತಿರುಗಿಸಿದರೆ ಮೊನೆ ಹೊರಬರುವ ಬಾಲ್‌ಪೆನ್ನನ್ನು. ಅದರ ಎರಡೂ ಮರದ ತುಂಡುಗಳ ಒಳಗೆ 7 ಮಿ.ಮೀ. ಹಿತ್ತಾಳೆಯ ಕೊಳವೆಗಳಿರುತ್ತವೆ, ಮೂತಿ, ರೀಫಿಲ್ಲನ್ನು ಹೊರಕ್ಕೂ ಒಳಕ್ಕೂ ಸರಿಸುವ ತಿರುಗಣೆ, ಕ್ಲಿಪ್ಪಿನ ಟೊಪ್ಪಿ ಇವೆಲ್ಲವನ್ನೂ ಆ ಕೊಳವೆಗಳೊಳಕ್ಕೆ ಬಿಗಿಯಾಗಿ ಒತ್ತಿ ಕೂರಿಸಲಾಗಿರುತ್ತದೆ.

ಬಿಚ್ಚುವ ಪ್ರಸಂಗ ಬರುವುದು ಬಹುತೇಕ ತಿರುಗಣೆಯಿಂದಲೇ. ಅದನ್ನು ಗುರುತಿನ ಗೆರೆ ದಾಟಿಸಿ ಒತ್ತಿಬಿಟ್ಟರೆ ರೀಫಿಲ್ಲಿನ ಮೊನೆ ಒಳಸರಿಯದೆ ಜೇಬಿಗೆಲ್ಲ ಮಸಿಯಾಗುತ್ತದೆ. ಮೊದಲ ಸಲ ಹೀಗಾದಾಗ ನಾನು ಇಕ್ಕಳದಿಂದ ತಿರುಗುವ ಭಾಗವನ್ನೇ ಹಿಡಿದು ಅತ್ತಿತ್ತ ಅಲುಗಾಡಿಸಿದೆ. ತಿರುಗಣೆ ಮುರಿಯಿತು, ಇಕ್ಕಳದ ಭಾರವೆಲ್ಲ ಅಂಚಿನ ಮೇಲೆ ಬಿದ್ದು, ಒಂದಿಡೀ ಮಧ್ಯಾಹ್ನ ಉಜ್ಜಿ ಹೊಳಪು ತಂದಿದ್ದ ಬೀಟೆಯೂ ಸೀಳಿತು.

ಈಗ ನಾನು ಮೇಲಿನ ತುಂಡಿಗೂ ಕೆಳಗಿನದಕ್ಕೂ ಹಳೆಯ ಸೈಕಲ್ ಟ್ಯೂಬಿನ ಚೂರು ಸುತ್ತಿ, ಮೆಲ್ಲಗೆ ತಿರುವುತ್ತ ನೇರಕ್ಕೆ ಎಳೆದು ಮೇಲಿನದನ್ನು ಕಳಚುತ್ತೇನೆ. ಬಳಿಕ ತಿರುಗಣೆಯಲ್ಲಿ ಹೊರಗೆ ಕಾಣುವ, ತಿರುಗದ ಹಿತ್ತಾಳೆಯ ಭಾಗವನ್ನಷ್ಟೇ ಇಕ್ಕಳದಲ್ಲಿ ಕಚ್ಚಿಸಿ, ಇಕ್ಕಳ ಮರಕ್ಕೆ ತಾಗದಂತೆ ನೋಡಿಕೊಂಡು, ತುಸು ತುಸುವೇ ತಿರುವಿ ಎಳೆಯುತ್ತೇನೆ. ರೀಫಿಲ್ ಅದರ ಜೊತೆಗೇ ಬರುತ್ತದೆ. ಹಾಗೆ ತೆರವಾದ ಕೊಳವೆಯೊಳಗೆ 6 ಮಿ.ಮೀ. ದಪ್ಪದ, ತುದಿ ಚಪ್ಪಟೆಯಾಗಿರುವ ಉಕ್ಕಿನ ಸರಳನ್ನು ಇಳಿಸಿ ಮೂತಿಯನ್ನು ಹೊರದೂಡಬಹುದು. ಸರಳು ಇದಕ್ಕಿಂತ ತೀರಾ ಸಪೂರವಾಗಿದ್ದರೆ ಅದು ಮೂತಿಯ ಟೊಳ್ಳಿಗೆ ನುಗ್ಗಿ ತುದಿಯ ತೂತನ್ನು ಕೆಡಿಸುತ್ತದೆ. ಪೆನ್ನಿನ ತುಂಡನ್ನು ಮೇಜಿನ ಮೇಲೆ ಊರದೆ ಮುಷ್ಟಿಯಲ್ಲೇ ಹಿಡಿದು, ಕೆಳಗೆ ಮಡಿಸಿದ ಟವಲು ಹಾಸಿ, ಸರಳಿನ ತಲೆಗೆ ಸಣ್ಣ ಸುತ್ತಿಗೆಯಿಂದ ಹಗುರವಾಗಿ ಹಲವು ಪೆಟ್ಟು ಕೊಡುತ್ತೇನೆ. ಕ್ಲಿಪ್ಪಿನ ಟೊಪ್ಪಿಯೂ ಇದೇ ಕ್ರಮದಲ್ಲಿ ಕಳಚುತ್ತದೆ.

ಹತ್ತು ಪೆಟ್ಟಿಗೂ ಮಿಸುಕದಿದ್ದರೆ ಯಾರೋ ಅಲ್ಲಿ ಸೂಪರ್ ಗ್ಲೂ ಹಾಕಿದ್ದಾರೆಂದೇ ಅರ್ಥ (ಆ ಯಾರೋ ಎಷ್ಟೋ ಸಲ ನಾನೇ). ಆಗ ಬೆಸುಗೆ ಕಡ್ಡಿಯ (ಸೋಲ್ಡರಿಂಗ್ ಐರನ್) ಬಿಸಿ ತುದಿಯನ್ನು ಲೋಹಕ್ಕೆ ಮಾತ್ರ ಅರ್ಧ ನಿಮಿಷ ತಾಗಿಸಿ, ಅಂಟು ಸಡಿಲವಾದೊಡನೆ ಮತ್ತೆ ತಟ್ಟುತ್ತೇನೆ. ಆದರೆ ಕೊಳವೆಯನ್ನು ಮರಕ್ಕೆ ಹಿಡಿದಿಟ್ಟಿರುವುದೂ ಅದೇ ಬಗೆಯ ಅಂಟಾದ್ದರಿಂದ, ಮರ ಬೆಚ್ಚಗಾಗುವ ಮೊದಲೇ ನಿಲ್ಲಿಸುತ್ತೇನೆ. ಅಸಿಟೋನ್ ಅಂಟನ್ನು ಕರಗಿಸುತ್ತದೆ ನಿಜ, ಮೇಲಿನ ಹೊಳಪನ್ನೂ ತಿನ್ನುತ್ತದೆ. ಚನ್ನಪಟ್ಟಣದ ರೀತಿಯಲ್ಲಿ ಅರಗು ಬಳಿದ ಪೆನ್ನಿಗಂತೂ ನಾನು ಬಿಸಿ ತಾಗಿಸುವುದೇ ಇಲ್ಲ. ತಿರುಗುವ ಮರಕ್ಕೆ ಒತ್ತಿದಾಗ ಉಜ್ಜುವಿಕೆಯ ಬಿಸಿಗೇ ಕರಗಿ ಹಿಡಿಯುವ ಬಣ್ಣ ಅದು.

ಎರಡನೇ ಸಲ ಕೂರಿಸುವಾಗ ಟೊಪ್ಪಿ ಸ್ವಲ್ಪ ಸಡಿಲವಾಗಿರುತ್ತದೆ. ಅದಕ್ಕೆ ಗುಂಡುಸೂಜಿಯ ತಲೆಯಷ್ಟು ಅಂಟು ಹಚ್ಚಿ, ಹಾಗೆ ಹಚ್ಚಿದ್ದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ.