ಸಂಕ್ರಾಂತಿಗೆ ಕರಿ ಬಟ್ಟೆಯ ಮೇಲೆ ಮೆಂತಿ ಕಸೂತಿ

ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕಡೆ ಸಂಕ್ರಾಂತಿಗೆ ಕರಿ ಸೀರೆ ಉಡುತ್ತಾರೆ, ಕುಸುರೆಳ್ಳು ಹಂಚುತ್ತಾರೆ. ಅವೆರಡನ್ನೂ ಕೂಡಿಸಿ ಗೋಡೆಗೆ ಒಂದು ಪಟ ಹೆಣೆಯಬಹುದು. ನಡುವೆ ಕೆಂಪು-ಹಳದಿ ಗೋಪುರ, ಸುತ್ತ ಕುಸುರೆಳ್ಳು ಚೆಲ್ಲಿದಂತೆ ಬಿಳಿ ಚುಕ್ಕಿ. ಹೊಲಿಗೆ ಕಸೂತಿಯ ಮೆಂತಿ, ಅಂದರೆ ಎರಡು ಓರೆ ಗೆರೆ ಒಂದರ ಮೇಲೊಂದು ಹಾಯುವ (×) ಕ್ರಾಸ್ ಸ್ಟಿಚ್. ಅದು ಸುಲಭ, ಕಾಡುವುದು ಕರಿ ಬಟ್ಟೆ.

14 ಕೌಂಟಿನ ಕರಿ ಐಡಾ ಬಟ್ಟೆ ತನ್ನಿ, ಅದು ಎಣಿಸಿ ಹೊಲಿಯಲು ಚೌಕ ಮನೆಗಳಾಗಿ ನೇಯ್ದ ಬಟ್ಟೆ. ಇಂಚಿಗೆ 14 ಮನೆ ಇರುತ್ತವೆ. ಗ್ರಾಫಿನಲ್ಲಿ ಅಗಲ 57, ಎತ್ತರ 70 ಮನೆ ಇಟ್ಟರೆ ಪಟ ಹೆಚ್ಚುಕಡಿಮೆ 4×5 ಇಂಚು ಬರುತ್ತದೆ. ಕಳಸದ ತುದಿ ಒಂದೇ ಮನೆಯದು, ಹಾಗಾಗಿ ಅಗಲ ಬೆಸ ಸಂಖ್ಯೆಯೇ ಆಗಬೇಕು. 56 ಇಟ್ಟರೆ ಗೋಪುರ ಒಂದು ಕಡೆ ವಾಲುತ್ತದೆ. ಸುತ್ತ 3 ಇಂಚು ಬಿಟ್ಟು 10×11 ಇಂಚು ಕತ್ತರಿಸಿ, ಎಳೆ ಬಿಡದಂತೆ ಅಂಚು ಹೊಲಿದುಬಿಡಿ. ಮ್ಯಾಟಿ ಬಟ್ಟೆಯೂ ನಡೆಯುತ್ತದೆ. ಆದರೆ ಅಡ್ಡ-ಉದ್ದ ಎರಡರಲ್ಲೂ ಇಂಚಿಗೆ ಅಷ್ಟೇ ಮನೆ ಇವೆಯೇ ಎಂದು ಎಣಿಸಿ ನೋಡಿ, ಇಲ್ಲದಿದ್ದರೆ ಗೋಪುರ ಗಿಡ್ಡವೋ ಉದ್ದವೋ ಆಗುತ್ತದೆ. ಒದ್ದೆ ಬಿಳಿ ಅರಿವೆಯಿಂದ ಬಟ್ಟೆಯ ಮೂಲೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಮೊದಲೇ ತೊಳೆಯಬೇಕು.

ಕರಿ ಬಟ್ಟೆಯಲ್ಲಿ ತೂತು ಕಾಣುವುದಿಲ್ಲ. ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡರೆ ತೂತುಗಳು ಬೆಳ್ಳಗೆ ಮಿನುಗುತ್ತವೆ. ತಿಳಿ ಬಣ್ಣದ ಹೊಲಿಗೆ ದಾರದಿಂದ 10 ಮನೆಗೊಂದು ಗೆರೆ ಎಳೆದುಕೊಳ್ಳಿ, ಎಣಿಕೆ ತಪ್ಪಿದ್ದು ಅಲ್ಲೇ ಗೊತ್ತಾಗುತ್ತದೆ. ಕೆಲಸ ಆದಂತೆ ಆ ದಾರ ತೆಗೆಯುತ್ತ ಹೋಗಿ.

ದಾರದ ಲಡಿ 8 ಮೀಟರ್, 6 ಎಳೆ. ಬಿಳಿ ಬಟ್ಟೆಗೆ 2 ಎಳೆ ಸಾಕು. ಕರಿ ಬಟ್ಟೆಯಲ್ಲಿ ಹಳದಿ, ಬಿಳಿಯಂಥ ತಿಳಿ ಬಣ್ಣ 2 ಎಳೆಯಲ್ಲಿ ಮಂಕಾಗುತ್ತದೆ, ಕೆಳಗಿನ ಕಪ್ಪು ಇಣುಕುತ್ತದೆ. ಅವಕ್ಕೆ 3 ಎಳೆ ಹಾಕಿ. 45 ಸೆಂ.ಮೀ.ಗಿಂತ ಉದ್ದ ದಾರ ಬೇಡ, ತೂತಿನಲ್ಲಿ ಓಡಾಡಿ ಜುಂಗು ಏಳುತ್ತದೆ. ಎಳೆಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಜೋಡಿಸಿ, ಆಗ ಹೊಲಿಗೆ ಮೈತುಂಬಿ ಕೂಡುತ್ತದೆ. ಸೂಜಿ 24 ನಂಬರಿನ ಮೊಂಡ ತುದಿಯದು.

ಗೋಪುರದ ಬುಡದಿಂದಲ್ಲ, ಬಟ್ಟೆಯ ನಡುಮಧ್ಯದಿಂದ ಶುರು ಮಾಡಿ. ಗಂಟು ಹಾಕಬೇಡಿ, ಕಟ್ಟು ಹಾಕಿಸಿದ ಮೇಲೆ ಉಬ್ಬಿ ಕಾಣುತ್ತದೆ. ಹಿಂದೆ ಒಂದು ಇಂಚು ದಾರ ಬಿಟ್ಟು, ಮೊದಲ ನಾಲ್ಕೈದು ಹೊಲಿಗೆಯ ಕೆಳಗೆ ಅದನ್ನು ಸಿಕ್ಕಿಸಿ. ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಅರ್ಧ ಹೊಲಿಗೆ ಹಾಕುತ್ತ ಹೋಗಿ, ಬರುವಾಗ ಮೇಲಿನ ಅರ್ಧ ಮುಗಿಸಿ. ಮೇಲಿನ ಗೆರೆ ಇಡೀ ಪಟದಲ್ಲಿ ಒಂದೇ ದಿಕ್ಕಿಗೆ ವಾಲಿರಬೇಕು. ಒಂದೆರಡು ತಿರುವಿದರೂ ಬೆಳಕು ಬಿದ್ದಾಗ ಅವೇ ಎದ್ದು ಕಾಣುತ್ತವೆ. ಬಟ್ಟೆ ಸುಕ್ಕುವಷ್ಟು ಎಳೆಯುವುದೂ ಬೇಡ.

ಇನ್ನು ಚುಕ್ಕಿ. ಬಿಳಿ ದಾರವನ್ನು ಹಿಂಬದಿಯಲ್ಲಿ ಚುಕ್ಕಿಯಿಂದ ಚುಕ್ಕಿಗೆ ದಾಟಿಸಿದರೆ ತೂತುಗಳಿಂದ ಬಿಳಿ ಗೀರು ಕಾಣುತ್ತದೆ. ಪ್ರತಿ ಚುಕ್ಕಿಗೂ ದಾರ ಕತ್ತರಿಸುತ್ತ ಕೂತರೆ ಹಬ್ಬ ಮುಗಿದಿರುತ್ತದೆ. 11 ನಂಬರಿನ ಬಿಳಿ ಮಣಿ ಮೇಲು: ಒಂದು ಮನೆಗೆ ಒಂದು ಸರಿಯಾಗಿ ಕೂಡುತ್ತದೆ, ಕರಿ ದಾರದಿಂದ ಹೊಲಿದರೆ ಹಿಂದೆ ದಾಟಿದ್ದು ಕಾಣುವುದಿಲ್ಲ. ಕುಸುರೆಳ್ಳಿನ ಗುಂಡೂ ಬರುತ್ತದೆ. 24ರ ಸೂಜಿ ಮಣಿಯೊಳಗೆ ಹೋಗದು, 10 ನಂಬರಿನ ಸಣ್ಣ ಸೂಜಿ ಬೇಕು. ಮಣಿ ಜಾರದಂತೆ ಎರಡು ಸಲ ಪೋಣಿಸಿ. ಬಟ್ಟೆ ಬಿಗಿಹಿಡಿಯುವ ಕಸೂತಿ ರಿಂಗ್ ಮೇಲೆ ಕೂತರೆ ಮಣಿ ಒಡೆಯುತ್ತದೆ, ಹಾಗಾಗಿ ಮಣಿ ಕೊನೆಗೇ.

ಮಣಿ ಹಾಕುವ ಮೊದಲು ಪಟವನ್ನು ತಣ್ಣೀರಲ್ಲಿ ತೊಳೆಯಿರಿ. ಕೆಂಪು ದಾರ ಬಣ್ಣ ಬಿಟ್ಟರೆ ನೀರು ತಿಳಿಯಾಗುವವರೆಗೆ ಜಾಲಿಸುತ್ತಿರಿ. ನಡುವೆ ಒಣಗಿಸಿದರೆ ಕಲೆ ನಿಂತುಬಿಡುತ್ತದೆ. ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ಮಗುಚಿ ಹಾಕಿ ಇಸ್ತ್ರಿ ಮಾಡಿ. ಕಟ್ಟು ಹಾಕಿಸುವಾಗ ಗಾಜು ಮಣಿಗೆ ತಾಗದಂತೆ ಸಂದು ಬಿಡಲು ಹೇಳಿ.