ಗೋಮಾಳದ ಅಂಚಿನ ರೈತರೊಂದಿಗೆ ಒಪ್ಪಂದ: ಊರು ಕೈಗೊಳ್ಳಬೇಕಾದ ಕ್ರಮಗಳು

ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆಂಬುದು ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದ ಲೆಕ್ಕ. ಜಾಗ ಸರ್ಕಾರದ್ದಾದರೂ ಅದರ ಅಳಿವು ಉಳಿವು ಅಂಚಿನ ಹಿಡುವಳಿದಾರರ ಕೈಯಲ್ಲಿರುವುದರಿಂದ, ಬೇಲಿಗೆ ಹಣ ಹುಡುಕುವ ಮುನ್ನ ಅವರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಬೇಕು.

ಮೊದಲು ಪಹಣಿ ಮತ್ತು ಗ್ರಾಮ ನಕಾಶೆ ಪಡೆದು, ಗ್ರಾಮ ಪಂಚಾಯಿತಿಯ ಮೂಲಕ ತಹಶೀಲ್ದಾರರಿಗೆ ಅಳತೆಗಾಗಿ ಮನವಿ ಸಲ್ಲಿಸಿ. ಭೂಮಾಪಕರು ಬರುವ ದಿನ ಅಂಚಿನ ರೈತರೆಲ್ಲರೂ ಸ್ಥಳದಲ್ಲಿರಲೇಬೇಕು. ತಮ್ಮ ಕಣ್ಣೆದುರೇ ನೆಟ್ಟ ಗಡಿಕಲ್ಲಿನ ಬಗ್ಗೆ ತಕರಾರು ಕಡಿಮೆ. ಒತ್ತುವರಿ ಕಂಡುಬಂದರೆ ಮಾತುಕತೆಯಿಂದಲೇ ಬಿಡಿಸಲು ಯತ್ನಿಸಿ. ಅದು ಫಲಿಸದಿದ್ದರೆ, ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳಿಗೆ ನೀಡಿದ ನಿರ್ದೇಶನವನ್ನು ಉಲ್ಲೇಖಿಸಿ ತಹಶೀಲ್ದಾರರಿಗೆ ದೂರು ಕೊಡಬಹುದು.

ಒಪ್ಪಂದದ ತಿರುಳಿರುವುದು ಕೊಡುಕೊಳ್ಳುವಿಕೆಯಲ್ಲಿ. ದನಗಳು ಗೋಮಾಳ ತಲುಪಲು ಯಾರದೋ ಹೊಲದ ಬದುವಿನ ಮೇಲೆ ಹಾಯಬೇಕಾದ ಊರುಗಳು ಬಹಳ. ದಾರಿ ಬಿಟ್ಟ ರೈತನಿಗೆ ಊರು ಏನು ಕೊಡುತ್ತದೆ? ಸುಗ್ಗಿ ಮುಗಿದ ಮೇಲೆ ಅವನ ಹೊಲದಲ್ಲಿ ಮೊದಲು ಕುರಿಮಂದೆ ನಿಲ್ಲಿಸಿ ಗೊಬ್ಬರ ಒದಗಿಸುವುದು ಒಂದು ಮಾರ್ಗ. ಇನ್ನೊಂದು ನೀರಿನದು: ಬೋಳಾದ ಗೋಮಾಳದಿಂದ ಬಿರುಮಳೆಗೆ ನುಗ್ಗುವ ನೀರು ಕೆಳಗಿನ ಹೊಲದ ಬದು ಒಡೆದು, ಆಗಷ್ಟೇ ಮೊಳೆತ ರಾಗಿಯ ಪೈರಿನ ಮೇಲೆ ಮರಳು ಹಾಸಿ ಹೋಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಟ್ರೆಂಚ್ ತೆಗೆಸುವ ಕಾಮಗಾರಿಯನ್ನು ಕಂದಾಯ ಇಲಾಖೆಯ ಅನುಮತಿಯೊಂದಿಗೆ ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಿದರೆ ಆ ರೈತನ ಮಣ್ಣೂ ಉಳಿಯುತ್ತದೆ, ಗೋಮಾಳದಲ್ಲಿ ಹುಲ್ಲೂ ಚಿಗುರುತ್ತದೆ. ಇಂಥ ಲಾಭ ಕಣ್ಣಿಗೆ ಕಂಡ ಮೇಲೆ ಗಡಿ ಕಾಯಲು ಅವನೇ ಮುಂದಾಗುತ್ತಾನೆ ಎಂಬುದು ನನ್ನ ದೃಢ ನಂಬಿಕೆ.

ದಾರಿಯ ಅಗಲ, ಅವಧಿ ಮತ್ತು ಜಮೀನಿನ ಒಡೆತನ ಬದಲಾಗುವುದಿಲ್ಲವೆಂಬ ಮಾತನ್ನು ಲಿಖಿತ ಕರಾರಿನಲ್ಲಿ ಸ್ಪಷ್ಟವಾಗಿ ನಮೂದಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಿ, ನಡಾವಳಿಗೆ ಸೇರಿಸಿ.

ಗೋಮಾಳ ನೋಡಿಕೊಳ್ಳುವ ಊರಿನ ಸಮಿತಿಯಲ್ಲಿ ಜಮೀನುಳ್ಳವರೇ ತುಂಬಿಕೊಳ್ಳಬಾರದು. ಎರಡು ಮೇಕೆ ಸಾಕಿ ಬದುಕುವ ಭೂರಹಿತರಿಗೆ, ಹುಲ್ಲಿನ ಹೊರೆ ತರುವ ಹೆಂಗಸರಿಗೆ ಮತ್ತು ಕುರಿಗಾಹಿಗಳಿಗೆ ಗೋಮಾಳವೇ ಆಸರೆಯಾದ್ದರಿಂದ ಅವರ ಒಪ್ಪಿಗೆಯಿಲ್ಲದೆ ಯಾವ ಭಾಗವನ್ನೂ ಮೇವಿಗೆ ಮುಚ್ಚಕೂಡದು. ಮುಂಗಾರಿನಲ್ಲಿ ಒಂದು ಭಾಗವನ್ನು ಮಾತ್ರ ಮುಚ್ಚಿ, ಹುಲ್ಲು ಬೀಜ ಉದುರಿಸಿದ ಬಳಿಕ ಕೊಯ್ಲಿಗೆ ತೆರೆದು, ಮರುವರ್ಷ ಇನ್ನೊಂದು ಭಾಗಕ್ಕೆ ಸರದಿ ಬದಲಿಸಿ. ವಲಸೆ ಬರುವ ಕುರಿಗಾಹಿಗಳಿಗೂ ಆ ದಿನಾಂಕಗಳನ್ನು ಮುಂಚಿತವಾಗಿ ತಿಳಿಸಬೇಕು.