ಹಳೇ ಚೇತಕ್‌ಗೆ ಮನೆಯಂಗಳದಲ್ಲೇ ಬಣ್ಣ

ನಮ್ಮ ಚೇತಕ್ ಸ್ಕೂಟರಿಗೆ ಇದುವರೆಗೆ ಮೂರು ಸಲ ನಾನೇ ಬಣ್ಣ ಹೊಡೆದಿದ್ದೇನೆ. ಮೊದಲನೇದು ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದಿತು. ಎರಡನೇದು ಸುಕ್ಕುಗಟ್ಟಿತು. ಮೂರನೇದು ಇನ್ನೂ ನಿಂತಿದೆ. ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್ (ಲೆಕ್ಕಪತ್ರ ಬರೆಯೋ ಗುಮಾಸ್ತ) ಆಗಿದ್ದಾಗ ಮೂಡಿಗೆರೆ ಕಡೆಯ ಮಳೆ, ಕೆಸರು ಎಲ್ಲಾ ತಿಂದ ಗಾಡಿ ಅದು. ಆರ್‌ಸಿ ರಿನ್ಯೂವಲ್‌ಗೆ ಮುಂಚೆ ಪೇಂಟ್ ಮಾಡಿಸೋಣ ಅಂತ ಚಿಕ್ಕಮಗಳೂರಿನ ಗ್ಯಾರೇಜೊಂದರಲ್ಲಿ ವಿಚಾರಿಸಿದೆ. ಅವರು ಹೇಳಿದಷ್ಟು ದುಡ್ಡು ಗಾಡಿ ಮಾರಿದರೂ ಹುಟ್ಟೋದಿಲ್ಲ. ಮನೆಯಲ್ಲೇ ಮಾಡಿದೆ, ಎಲ್ಲಾ ಸೇರಿ 1,500 ರೂಪಾಯಿ ದಾಟಲಿಲ್ಲ. "ಈ ವಯಸ್ಸಿನಲ್ಲಿ ಯಾರಿಗೆ ತೋರಿಸೋಕೆ ಇಷ್ಟು ಸಿಂಗಾರ?" ಅಂತ ನಮ್ಮ ಮನೆಯವರು ನಕ್ಕರು.

ಮೊದಲು ದಿನ ನೋಡಿ. ನಮ್ಮ ಕಡೆ ಕಾಫಿ ಕೊಯ್ಲು ಮುಗಿದು, ಹೂಮಳೆ ಬೀಳೋಕೆ ಮುಂಚೆ ಸಿಗುವ ಒಣ ದಿನಗಳೇ ಇದಕ್ಕೆ ಸರಿ. ಆಗಲೂ ಬೆಳಗಿನ ಮಂಜು ಆರಿದ ಮೇಲೆ ಶುರು ಮಾಡಿ. ಮಧ್ಯಾಹ್ನ ಮೂರಕ್ಕೆ ಬ್ರಷ್ ಕೆಳಗಿಡಿ. ಹಸಿ ಬಣ್ಣದ ಮೇಲೆ ಇಬ್ಬನಿ ಕೂತರೆ ಹೊಳಪು ಸತ್ತು ಮಬ್ಬಾಗುತ್ತದೆ. ಜೂನ್ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕೋದೇ ಬೇಡ.

ಉಜ್ಜೋಕೆ ಮುಂಚೆ ತೊಳೀಬೇಕು. ಟೂ ಸ್ಟ್ರೋಕ್ ಗಾಡಿ ಅಲ್ವಾ, ಡಿಕ್ಕಿ ಸಂದಿಯಲ್ಲೆಲ್ಲಾ ಎಣ್ಣೆ ಜಿಡ್ಡು ಇರುತ್ತದೆ. ಜಿಡ್ಡಿನ ಮೇಲೇ ಎಮೆರಿ ಪೇಪರ್ ಆಡಿಸಿದರೆ ಅದು ಗಾಡಿ ಪೂರ್ತಿ ಹರಡುತ್ತದೆ, ಅಂಥ ಕಡೆ ಬಣ್ಣ ಹಿಡಿಯೋದಿಲ್ಲ. ನಾನು ಪಾತ್ರೆ ಸೋಪು, ಬಿಸಿನೀರು ಹಾಕಿ ಎರಡು ಸಲ ಉಜ್ಜಿ ತೊಳೆದೆ. ಫುಟ್‌ಬೋರ್ಡಿನ ರಬ್ಬರ್ ಪಟ್ಟಿ ಕಡ್ಡಾಯವಾಗಿ ಬಿಚ್ಚಿ. ನಿಜವಾದ ತುಕ್ಕು ಇರೋದು ಅದರ ಅಡಿಯಲ್ಲೇ. ಚೇತಕ್‌ಗೆ ಬೇರೆ ಫ್ರೇಮ್ ಇಲ್ಲ, ಆ ತಗಡಿನ ಬಾಡಿಯೇ ಫ್ರೇಮ್. ಸ್ಕ್ರೂಡ್ರೈವರ್ ತುದಿಯಲ್ಲಿ ಕುಟ್ಟಿ ನೋಡಿ. ಒಳಗೆ ಹೋಯಿತು ಅಂದರೆ ಮೊದಲು ವೆಲ್ಡಿಂಗ್ ಅಂಗಡಿಗೆ ಹೋಗಿ. ತೂತಿನ ಮೇಲೆ ಪುಟ್ಟಿ (ತಗ್ಗು ತುಂಬೋ ಲೇಪ) ಮೆತ್ತಿ ಬಣ್ಣ ಬಳಿಯೋದು ನಮಗೆ ನಾವೇ ಟೋಪಿ ಹಾಕಿಕೊಂಡ ಹಾಗೆ.

ಇನ್ನು ಉಜ್ಜೋ ಕೆಲಸ. ಹನ್ನೆರಡಾಣೆ ಕೆಲಸ ಇದೇ, ಬಣ್ಣ ಉಳಿದ ನಾಲ್ಕಾಣೆ. ತುಕ್ಕಿರುವ ಕಡೆ 80 ಅಥವಾ 120 ನಂಬರಿನ ಒರಟು ಎಮೆರಿ ಪೇಪರಿನಲ್ಲಿ ತಗಡು ಬೆಳ್ಳಗೆ ಕಾಣುವವರೆಗೂ ತಿಕ್ಕಿ. ಗಟ್ಟಿಯಾಗಿರುವ ಹಳೇ ಬಣ್ಣವನ್ನು ಪೂರ್ತಿ ಕೀಳಬೇಕಾಗಿಲ್ಲ, 320ರ ವಾಟರ್ ಪೇಪರ್ ನೀರಿನಲ್ಲಿ ಅದ್ದಿ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ನೀರು ಹಾಕಿದರೆ ಧೂಳೂ ಏಳೋದಿಲ್ಲ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಬರೀ ಬಟ್ಟೆ ಸಾಲದು, ಎನ್-95 ಥರದ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಚಾಸಿಸ್ ನಂಬರ್ ಮೇಲೆ ಮಾತ್ರ ಟೇಪ್ ಅಂಟಿಸಿಬಿಡಿ. ಅದನ್ನು ಉಜ್ಜಿ ಅಳಿಸಿದರೆ ಆರ್‌ಟಿಓ ಆಫೀಸಿನಲ್ಲಿ ಉತ್ತರ ಹೇಳೋದು ಕಷ್ಟ.

ಬೆಳ್ಳಗೆ ಬಂದ ತಗಡಿಗೆ ಅವತ್ತೇ ಪ್ರೈಮರ್, ಅಂದರೆ ಅಡಿಬಣ್ಣ, ಬೀಳಬೇಕು. ಮೊದಲನೇ ಸಲ ನಾನು ಕೆಟ್ಟಿದ್ದೇ ಇಲ್ಲಿ. ಸಂಜೆವರೆಗೆ ತಿಕ್ಕಿ, ಸುಸ್ತಾಯಿತು ಅಂತ ಹಾಗೇ ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ತಗಡಿನ ಮೇಲೆ ಅರಿಶಿನ ಕುಂಕುಮ ಕಲಸಿದಂಥ ತೆಳು ಪುಡಿ. ಒಂದು ರಾತ್ರಿಯ ಮಂಜಿಗೆ ಅಷ್ಟು ತುಕ್ಕು! ಅದರ ಮೇಲೇ ರೆಡ್ ಆಕ್ಸೈಡ್ ಪ್ರೈಮರ್ ಬಳಿದೆ, ಆ ತುಕ್ಕು ಅಡಿಯಿಂದ ಮತ್ತೆ ತಿನ್ನುತ್ತಾ ಬಂತು. ಈಗ ಒಂದು ದಿನಕ್ಕೆ ಒಂದೇ ಭಾಗ ಹಿಡಿಯುತ್ತೇನೆ. ಇವತ್ತು ಡಿಕ್ಕಿ ಅಂದರೆ ಡಿಕ್ಕಿ ಮಾತ್ರ.

ನೆಗ್ಗಿರುವ ಕಡೆ ಪುಟ್ಟಿಯನ್ನು ತೆಳ್ಳಗೆ, ಎರಡು ಮೂರು ಸಲ ಎಳೆಯಿರಿ. ಒಂದೇ ಸಲ ದಪ್ಪಗೆ ಮೆತ್ತಿದರೆ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಸ್ವಲ್ಪ ಇದ್ದಿಲ ಪುಡಿ ಸವರಿ ಉಜ್ಜಿ ನೋಡಿ. ಎಲ್ಲಿ ಕಪ್ಪು ಉಳಿಯುತ್ತದೋ ಅಲ್ಲಿ ಇನ್ನೂ ತಗ್ಗಿದೆ ಅಂತ ಅರ್ಥ. ಕಣ್ಣಿಗೆ ಕಾಣದ್ದು ಅಂಗೈಗೂ ಗೊತ್ತಾಗುತ್ತದೆ, ಕಣ್ಣು ಮುಚ್ಚಿಕೊಂಡು ಸವರಿ ನೋಡಿ.

ಬಣ್ಣದ ವಿಷಯಕ್ಕೆ ಬಂದರೆ, ಬಡವರ ಪಾಲಿಗೆ ಸಿಂಥೆಟಿಕ್ ಎನಾಮಲ್ಲೇ ಗತಿ. ಕಂಪ್ರೆಸರ್ ಬೇಡ, ನಾಲ್ಕಿಂಚಿನ ಸ್ಪಂಜ್ ರೋಲರ್ ಇದ್ದರಾಯಿತು. ಟರ್ಪೆಂಟೈನ್ ಹಾಕಿ ಮಜ್ಜಿಗೆಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ. ಮೊದಲ ಕೋಟಿನಲ್ಲಿ ಅಡಿಯ ಪ್ರೈಮರ್ ಕಾಣುತ್ತಿರುತ್ತದೆ, ಗಾಬರಿ ಬೇಡ. ದಿನಕ್ಕೊಂದರಂತೆ ನಾಲ್ಕೈದು ತೆಳು ಕೋಟು ಕೊಡಿ. ನಡುನಡುವೆ 600ರ ವಾಟರ್ ಪೇಪರಿನಲ್ಲಿ ಹಗುರವಾಗಿ ಉಜ್ಜಿ. ದಪ್ಪಗೆ ಬಳಿದರೆ ಇಳಿದು ಕಣ್ಣೀರಿನ ಹಾಗೆ ನಿಲ್ಲುತ್ತದೆ. ಬಳಿಯುವ ಮುಂಚೆ ಅಂಗಳಕ್ಕೆ ನೀರು ಚಿಮುಕಿಸಿದರೆ ಧೂಳು ಕೂರುತ್ತದೆ. ಬಚ್ಚಲ ಒಲೆ ಉರಿಯುತ್ತಿದ್ದರೆ ಮಾತ್ರ ಅದರ ಹತ್ತಿರ ಈ ಡಬ್ಬಗಳನ್ನು ತರಬೇಡಿ.

ಎರಡನೇ ಸಲದ ಸುಕ್ಕಿನ ಕಥೆ ಹೇಳಲಿಲ್ಲ ಅಲ್ವಾ? ಎನಾಮಲ್ ಬಳಿದಿದ್ದೆ. ಇನ್ನೂ ಹೊಳೆಯಲಿ ಅಂತ ಮೇಲೆ ಥಿನ್ನರ್ ಬೆರೆಸಿದ ಎನ್‌ಸಿ (ನೈಟ್ರೋಸೆಲ್ಯುಲೋಸ್, ಬೇಗ ಒಣಗುವ ಬೇರೆ ಜಾತಿ) ಬಣ್ಣ ಹೊಡೆದೆ. ಕಣ್ಣೆದುರೇ ಬಣ್ಣ ಕಾದ ಹಾಲಿನ ಕೆನೆ ಥರ ಮುದುಡಿಕೊಂಡು ಎದ್ದಿತು. ಎನ್‌ಸಿ ಥಿನ್ನರ್ ಬಲು ಖಾರ, ಅಡಿಯ ಎನಾಮಲ್ಲನ್ನೇ ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಇಡೀ ವಾರದ ಕೆಲಸ ಕೆರೆದು ತೆಗೆಯಬೇಕಾಯಿತು. ಅಂಗಡಿಯವರು ಏನೇ ಹೇಳಲಿ, ಎನಾಮಲ್ ಮೇಲೆ ಎನ್‌ಸಿ ಹೊಡೆಯಬೇಡಿ.

ಆರ್‌ಸಿಯಲ್ಲಿರುವ ಬಣ್ಣವನ್ನೇ ಇಟ್ಟುಕೊಳ್ಳಿ, ಬೇರೆ ಬಣ್ಣ ಬೇಕಾದರೆ ಆರ್‌ಟಿಓದಲ್ಲಿ ಬರೆಸಬೇಕು. ಬಳಿದ ಮೇಲೆ ಒಂದು ವಾರ ಗಾಡಿ ಮುಟ್ಟಬೇಡಿ. ಪಾಲಿಶ್ ಒಂದು ತಿಂಗಳು ಬೇಡ. ಪೆಟ್ರೋಲ್ ಹಾಕಿಸುವಾಗ ಸೀಟಿನ ಕೆಳಗೆ ಹನಿ ಬಿದ್ದರೆ ತಕ್ಷಣ ಒರೆಸಿ, ಎನಾಮಲ್‌ಗೆ ಪೆಟ್ರೋಲ್ ಆಗಿಬರೋದಿಲ್ಲ.

ಉಳಿದ ಬಣ್ಣವನ್ನು ಸಣ್ಣ ಗಾಜಿನ ಬಾಟಲಿಗೆ ಕುತ್ತಿಗೆವರೆಗೂ ತುಂಬಿ ಮುಚ್ಚಿಡಿ. ಒಳಗೆ ಗಾಳಿ ಕಡಿಮೆ ಇದ್ದರೆ ಕೆನೆ ಕಟ್ಟೋದಿಲ್ಲ. ಗೀಚು ಬಿದ್ದೇ ಬೀಳುತ್ತದೆ. ನನ್ನದಕ್ಕೆ ಹದಿನೈದನೇ ದಿನಕ್ಕೇ ಬಿತ್ತು, ಅದೂ ನಮ್ಮ ಮನೆ ಗೇಟಿಗೇ ತಾಗಿ.